ಬಟ್ಟೆಯ ಕೆಳಗಿನ ಕೈ, ಸೊಂಟದ ಟವೆಲ್ಲು

ಐಪಿಎಲ್ ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಊರುಗಳ ಕಟ್ಟೆಯ ಮೇಲೆ ಎರಡು ಮಾತು ಕೇಳುತ್ತವೆ. 'ಮ್ಯಾಚು ಮೊದಲೇ ಫಿಕ್ಸು ಮಾರಾಯಾ' ಎನ್ನುವುದು ಒಂದು. 'ದೊಡ್ಡ ಅಂಗಡಿಯ ಆಫರ್ ಅಂದ್ರೆ ನಮ್ಮ ಕಿಸೆಯದ್ದೇ ದುಡ್ಡು' ಎನ್ನುವುದು ಇನ್ನೊಂದು. ಹೇಳಿ ನಗುತ್ತೇವೆ. ಮರುದಿನ ಅದೇ ಮ್ಯಾಚು, ಅದೇ ಅಂಗಡಿ. ಫಿಕ್ಸು ಎಂದ ಹುಡುಗನೇ ಅಡಿಕೆ ಕೊಯ್ಲಿನ ಕೂಲಿಯನ್ನು ಬೆಟ್ಟಿಂಗಿಗೆ ಹಾಕುತ್ತಾನೆ.

ನಮ್ಮ ಹಿರಿಯರಿಗೂ ಇಂಥ ಅನುಮಾನ ಇತ್ತು. ಅವರು ನಕ್ಕು ಸುಮ್ಮನಾಗಲಿಲ್ಲ.

ನೂರು ವರ್ಷದ ಹಿಂದೆ ದೇಶದ ಅನೇಕ ಮಂಡಿಗಳಲ್ಲಿ ದರವನ್ನು ಕೂಗುತ್ತಿರಲಿಲ್ಲ. ದಲಾಲ ಮತ್ತು ಖರೀದಿದಾರ ಒಂದು ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮುಗಿಸುತ್ತಿದ್ದರು. ಎದುರಿಗೇ ನಿಂತ ರೈತನಿಗೆ ತನ್ನ ಮಾಲಿನ ದರ ಕಾಣುತ್ತಿರಲಿಲ್ಲ. ಮೇಲಿಂದ ತೂಕದಲ್ಲಿ ಮೋಸ, ಧರ್ಮದ ಹೆಸರಲ್ಲಿ ಕಡಿತ. 1928ರಲ್ಲಿ ವರದಿ ಕೊಟ್ಟ ಕೃಷಿ ರಾಯಲ್ ಕಮಿಷನ್, ನಿಯಮಕ್ಕೊಳಪಟ್ಟ ಮಾರುಕಟ್ಟೆ ಬೇಕು ಎಂದಿತು.

ಶಿರಸಿಯ ಅಡಿಕೆ ಬೆಳೆಗಾರರು ಅಲ್ಲಿಯವರೆಗೆ ಕಾಯಲಿಲ್ಲ. 1923ರಲ್ಲೇ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಾವೆಲ್ಲ ಟಿಎಸ್ಎಸ್ ಎನ್ನುವ ಸಂಘವನ್ನು ಕಟ್ಟಿಕೊಂಡರು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. 1939ರಲ್ಲಿ ಆ ಪ್ರಾಂತದ ಮಾರುಕಟ್ಟೆ ಕಾಯ್ದೆ ಬಂತು, ರಾಜ್ಯ ಒಂದಾದ ಮೇಲೆ 1966ರ ಎಪಿಎಂಸಿ ಕಾಯ್ದೆ. ಈಗ ಚಾಲಿ, ರಾಶಿ, ಬೆಟ್ಟೆ ಯಾವುದೇ ಇರಲಿ, ಟೆಂಡರಿನಲ್ಲಿ ಹೆಚ್ಚು ದರ ಬರೆದವರಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ನಾವು ಕೊಡದೇ ಇರಬಹುದು. ಸಂಘವೇನೂ ದೇವರಲ್ಲ. ಆದರೆ ಅದರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕು ಸದಸ್ಯನಿಗಿದೆ.

ಕ್ರಿಕೆಟ್ಟಿಗೆ ಬನ್ನಿ. 2013ರ ಐಪಿಎಲ್‌ನಲ್ಲಿ ಬೌಲರ್ ಒಬ್ಬರು ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡಿದ್ದೇ ಬುಕ್ಕಿಗಳಿಗೆ ಸಂಕೇತ ಎಂದು ದೆಹಲಿ ಪೊಲೀಸರು ಆರೋಪಿಸಿದರು. 2015ರಲ್ಲಿ ನ್ಯಾಯಾಲಯ ಆಟಗಾರರನ್ನು ಪ್ರಕರಣದಿಂದ ಕೈಬಿಟ್ಟಿತು. ಅದೇ ವರ್ಷ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು 2 ವರ್ಷ ಹೊರಗಿಟ್ಟಿತು.

2019ರಲ್ಲಿ ನಮ್ಮದೇ ರಾಜ್ಯದ ಕೆಪಿಎಲ್ ಸರದಿ. ತಂಡದ ಮಾಲೀಕರಿಂದ ಆಟಗಾರರವರೆಗೆ ಬಂಧನವಾಯಿತು. ಆದರೆ 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣ ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಇರಬಹುದು, ಆದರೆ ಅದು 420ನೇ ಕಲಮಿನ ವಂಚನೆಯಾಗುವುದಿಲ್ಲ, ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂಬುದು ತೀರ್ಪಿನ ಸಾರ. ಜನ ಟಿಕೆಟ್ ಕೊಂಡಿದ್ದು ತಾವಾಗಿಯೇ ತಾನೇ?

ಅಂದರೆ ಅಡಿಕೆಯ ದರದ ಮೇಲಿನ ಬಟ್ಟೆ ಹೋಯಿತು, ಆಟದ ಮೇಲಿನದು ಹೋಗಿಲ್ಲ. ಮಂಡಿಯಲ್ಲಿ ನಮ್ಮ ಸಂಘವಿದೆ, ಕಾಯ್ದೆಯಿದೆ. ಆಟ ನೋಡುವವನಿಗೆ ಸಂಘವೂ ಇಲ್ಲ, ಲೆಕ್ಕ ಕೇಳುವ ಸಭೆಯೂ ಇಲ್ಲ.

ದೊಡ್ಡ ಅಂಗಡಿಯದ್ದು ಇವೆರಡರ ನಡುವಿನ ಕಥೆ. ಕಾನೂನಿದೆ, ಕೇಳುವವರು ಕಡಿಮೆ. ಕೌಂಟರಿನಲ್ಲಿ ಕೈಚೀಲಕ್ಕೆ ದುಡ್ಡು ಹಿಡಿದದ್ದನ್ನು ಗಿರಾಕಿಗಳು ಪ್ರಶ್ನಿಸಿದ್ದರಿಂದಲೇ 2020ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಬಿಗ್ ಬಜಾರಿಗೆ ಅದನ್ನು ನಿಲ್ಲಿಸಲು ಹೇಳಿತು. ಮೊದಲೇ ತಿಳಿಸದೆ ಬಿಲ್ಲಿನ ಹೊತ್ತಿಗೆ ಚೀಲದ ದರ ಸೇರಿಸುವುದು ಸರಿಯಾದ ವ್ಯಾಪಾರವಲ್ಲ ಎಂದಿತು. ಕೆಲವೇ ರೂಪಾಯಿಯ ಚೀಲ, ಆದರೂ ದೆಹಲಿಯವರೆಗೆ ಹೋಯಿತು.

ಹಾಗಾಗಿ ಸಾಮಾನು ತರುವಾಗ ಪೊಟ್ಟಣದ ಮೇಲಿನ ದರದ ಜೊತೆ ಗ್ರಾಂ ಎಷ್ಟೆಂದೂ ನೋಡಿ. ದರ ಅಷ್ಟೇ ಇದ್ದು ತೂಕ ಇಳಿದಿರುತ್ತದೆ. ಬಿಲ್ಲು ಕೇಳಿ ಇಟ್ಟುಕೊಳ್ಳಿ. ಮೋಸವೆನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ.

ಕ್ರಿಕೆಟ್ಟನ್ನು ನೋಡಿ, ಖುಷಿಪಡಿ. ಅಡಿಕೆಯ ದುಡ್ಡನ್ನು ಮಾತ್ರ ಅದರ ಮೇಲೆ ಹಾಕಬೇಡಿ. ದರ ಕಾಣದ ಮಂಡಿಗೆ ಮಾಲು ಒಯ್ಯಲು ನಮ್ಮ ಹಿರಿಯರೇ ಒಪ್ಪಿರಲಿಲ್ಲ.