ಒಳನಾಡಿನ ಉಪ್ಪುನೀರು: ಮೈಸೂರಿನ ಮನೆ ಅಕ್ವೇರಿಯಂಗಳಲ್ಲಿ ಮೆಗ್ನೀಷಿಯಂ ಕೊರತೆಯ ಪತ್ತೆ ಮತ್ತು ಭರ್ತಿ

ಸಾರಾಂಶ

ಮನೆಯ ಹವಳದ ತೊಟ್ಟಿಯಲ್ಲಿ ಮೆಗ್ನೀಷಿಯಂ ಇಳಿದಿದೆಯೆಂದು ಪರೀಕ್ಷೆ ತೋರಿಸಿದ ಕೂಡಲೇ ಲವಣ ಕರಗಿಸಿ ಸುರಿಯುವ ಅವಸರ ಸಹಜ. ಆದರೆ ಅದೇ ಅಂಕಿ ಮೂರು ಬೇರೆ ಬೇರೆ ಸ್ಥಿತಿಗಳಿಂದ ಬರಬಹುದು: ಒಟ್ಟು ಲವಣಾಂಶವೇ ಇಳಿದಿರಬಹುದು, ಅಳತೆ ತಪ್ಪಿರಬಹುದು, ಇಲ್ಲವೇ ಮೆಗ್ನೀಷಿಯಂ ಒಂದೇ ನಿಜವಾಗಿ ಕಡಿಮೆಯಾಗಿರಬಹುದು. ಈ ಮೂರನ್ನು ಬಿಡಿಸಿ ನೋಡುವ ಲೆಕ್ಕವನ್ನು ಮೈಸೂರಿನ ನೀರು ಮತ್ತು ಭೂರಚನೆಯ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನ ಮಂಡಿಸುತ್ತದೆ. ಭರ್ತಿಯೆಂದರೆ ಒಂದು ಧಾತುವಿನ ಅಂಕಿಯನ್ನು ಏರಿಸುವುದಲ್ಲ, ಕಡಲಿನ ಅನುಪಾತವನ್ನು ಮರಳಿಸುವುದು ಎಂಬುದು ಇಲ್ಲಿನ ವಾದ.

ಕೀಲಿಪದಗಳು: ಮೆಗ್ನೀಷಿಯಂ, ಲವಣಾಂಶ, ಹವಳದ ತೊಟ್ಟಿ, ಕ್ಷಾರತೆ, ಮ್ಯಾಗ್ನಸೈಟ್, ಮೈಸೂರು

1. ಪೀಠಿಕೆ

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿಗೆ ಹತ್ತಿರದ ಕಡಲೆಂದರೆ ಘಟ್ಟದಾಚೆಯ ಕರಾವಳಿ. ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಕಡಲ ನೀರನ್ನೇ ತರಿಸುವುದು ದುಬಾರಿ. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳು ತುಂಬಿ ಹರಿಯುವಾಗ ದಡದ ನೀರೂ ಸಪ್ಪೆಯಾಗಿರುತ್ತದೆ. ಹಾಗಾಗಿ ಇಲ್ಲಿ ಕಡಲ ಅಕ್ವೇರಿಯಂ ಇಡುವವರು ಆರ್‌ಒ ನೀರಿಗೆ ಕೃತಕ ಸಮುದ್ರಲವಣ ಬೆರೆಸುವ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಅಡುಗೆ ಉಪ್ಪು ಕರಗಿಸಿದರೆ ಕಡಲಾಗುವುದಿಲ್ಲ. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಂಥ ಉಪ್ಪಿನಾಗರದಲ್ಲಿ ಬಿಸಿಲಿಗೆ ನೀರು ಆರುತ್ತಾ ಹೋದಂತೆ ಮೊದಲು ಜಿಪ್ಸಂ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತವೆ. ಮೆಗ್ನೀಷಿಯಂ ಬಹುಪಾಲು ಕೊನೆಗುಳಿಯುವ ಕಹಿ ನೀರಿನಲ್ಲೇ ನಿಂತುಬಿಡುತ್ತದೆ. ಉಪ್ಪಿನ ರಾಶಿ ಒಂದು ಕಡೆ, ಮೆಗ್ನೀಷಿಯಂ ಇನ್ನೊಂದು ಕಡೆ. ಗುಜರಾತಿನ ಖಾರಾಘೋಡಾದಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಉದ್ಯಮ ಬೆಳೆದದ್ದು ಇಂಥ ಕಹಿ ನೀರನ್ನು ನೆಚ್ಚಿಕೊಂಡೇ. ಉಪ್ಪಿನಾಗರದಲ್ಲಿ ಬೇರೆಯಾದದ್ದನ್ನು ಮತ್ತೆ ಸರಿಯಾದ ಪ್ರಮಾಣದಲ್ಲಿ ಕೂಡಿಸುವುದೇ ಕೃತಕ ಸಮುದ್ರಲವಣದ ಕೆಲಸ.

ಆ ಪ್ರಮಾಣ ಯಾವುದೆಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಚಾಲೆಂಜರ್ ಹಡಗು ಲೋಕದ ಸಾಗರಗಳಿಂದ ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದ. ಲವಣಾಂಶ ಹೆಚ್ಚು ಕಡಿಮೆಯಾದರೂ ಮುಖ್ಯ ಅಯಾನುಗಳ ಪರಸ್ಪರ ಅನುಪಾತ ಬಹುಮಟ್ಟಿಗೆ ಬದಲಾಗುವುದಿಲ್ಲ ಎಂಬುದನ್ನು ಆ ಕೆಲಸ ಸ್ಥಿರಪಡಿಸಿತು. ಸಾವಿರಕ್ಕೆ 35ರ ಲವಣಾಂಶವಿರುವ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 1310 ಮಿಲಿಗ್ರಾಂ ಮೆಗ್ನೀಷಿಯಂ, 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತವೆ. ಕ್ಷಾರತೆ ಸುಮಾರು 2.3 ಮಿಲಿ ಈಕ್ವಿವಲೆಂಟ್. ಮುಂದಿನ ಲೆಕ್ಕಗಳಿಗೆಲ್ಲ ಇವೇ ತಳಹದಿ.

2. ಮೆಗ್ನೀಷಿಯಂ ಮಾಡುವ ಕೆಲಸ

ಕಡಲ ನೀರು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಅತಿಪರ್ಯಾಪ್ತವಾದ ದ್ರಾವಣ. ರಸಾಯನಶಾಸ್ತ್ರದ ಲೆಕ್ಕದಂತೆ ಸುಣ್ಣ ತಾನಾಗಿ ಬೇರ್ಪಟ್ಟು ತಳ ಸೇರಬೇಕು. ಹಾಗಾಗದಂತೆ ತಡೆಯುವುದರಲ್ಲಿ ಮೆಗ್ನೀಷಿಯಂ ಅಯಾನಿನ ಪಾತ್ರ ದೊಡ್ಡದು. ಆಗಷ್ಟೇ ಹುಟ್ಟುತ್ತಿರುವ ಕ್ಯಾಲ್ಸೈಟ್ ಹರಳಿನ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಕೂರಬೇಕಾದ ಜಾಗಕ್ಕೆ ಅಲ್ಲಲ್ಲಿ ಮೆಗ್ನೀಷಿಯಂ ನುಗ್ಗುತ್ತದೆ. ಗಾತ್ರದಲ್ಲಿ ಅದು ಚಿಕ್ಕದು, ಜೊತೆಗೆ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಇದರಿಂದ ಹರಳಿನ ಮೇಲ್ಮೈ ಕೆಡುತ್ತದೆ, ಹೆಚ್ಚು ಕರಗುವಂಥದಾಗುತ್ತದೆ, ಬೆಳವಣಿಗೆ ಅಲ್ಲಿಗೇ ಕುಂಟುತ್ತದೆ. ಹವಳದ ಹುಳು ತನ್ನ ಅಸ್ಥಿಪಂಜರವನ್ನು ಅರಾಗೊನೈಟ್ ರೂಪದಲ್ಲಿ ಕಟ್ಟುವುದಕ್ಕೂ ಈ ಅನುಪಾತಕ್ಕೂ ನಂಟಿದೆ. ಇಂದಿನ ಕಡಲಲ್ಲಿ ಮೆಗ್ನೀಷಿಯಂ–ಕ್ಯಾಲ್ಸಿಯಂ ಮೋಲಾರ್ ಅನುಪಾತ ಸುಮಾರು 5.2. ಕ್ರಿಟೇಷಿಯಸ್ ಯುಗದ ಕಡಲಿನಂತೆ ಅನುಪಾತವನ್ನು ತಗ್ಗಿಸಿದ ಕೃತಕ ನೀರಿನಲ್ಲಿ ಜಸ್ಟಿನ್ ರೀಸ್, ಸ್ಟೀವನ್ ಸ್ಟ್ಯಾನ್ಲಿ ಮತ್ತು ಲಾರೆನ್ಸ್ ಹಾರ್ಡಿ ಕಲ್ಲು ಹವಳಗಳನ್ನು ಬೆಳೆಸಿದಾಗ ಅವು ಕ್ಯಾಲ್ಸೈಟನ್ನೂ ಕಟ್ಟಿದವು, ಬೆಳವಣಿಗೆಯೂ ನಿಧಾನವಾಯಿತು. ಆ ಫಲಿತಾಂಶ ಪ್ರಕಟವಾದದ್ದು 2006ರಲ್ಲಿ.

ಮನೆಯ ತೊಟ್ಟಿಯಲ್ಲಿ ಕೊರತೆಯ ಮೊದಲ ಗುರುತು ಕಾಣಿಸುವುದು ಹೀಟರಿನ ಗಾಜಿನ ಮೇಲೆ. ಬಿಸಿ ಹೆಚ್ಚಿದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವುದು ಕಡಿಮೆ. ಆದ್ದರಿಂದ ಗಾಜಿನ ಕೊಳವೆಯ ಸುತ್ತ ಉಗುರಿಗೆ ಒರಟಾಗಿ ಸಿಗುವ ಬಿಳಿ ಪದರ ಕೂರುತ್ತದೆ. ಪಂಪಿನ ಚಕ್ರದ ಸುತ್ತಲೂ ಅದೇ ಪದರ. ಇತ್ತ ಕ್ಯಾಲ್ಸಿಯಂ ಮತ್ತು ಕ್ಷಾರತೆ ಎಷ್ಟು ಹಾಕಿದರೂ ನಿಲ್ಲುವುದಿಲ್ಲ. ಆದರೆ ಪ್ರಮಾಣದ ವಿವೇಕ ಬೇಕು. ಕ್ಯಾಲ್ಸಿಯಂ 420ರಲ್ಲೇ ಇದ್ದು ಮೆಗ್ನೀಷಿಯಂ 1160ಕ್ಕೆ ಇಳಿದರೆ ಅನುಪಾತ ಸುಮಾರು 4.5 ಆಗುತ್ತದೆ. ಇದು ಸರಿಪಡಿಸಬೇಕಾದ ಸ್ಥಿತಿ, ರಾತ್ರೋರಾತ್ರಿ ಸರಿಪಡಿಸಬೇಕಾದ ಆಪತ್ತಲ್ಲ. ಕಾರಣ ಹುಡುಕಲು ಸಾಕಷ್ಟು ಬಿಡುವಿದೆ.

ಭಾರತದ ತೊಟ್ಟಿಗಳಲ್ಲಿ ಮೆಗ್ನೀಷಿಯಂ ಖರ್ಚಿನ ಸ್ವರೂಪವನ್ನು ಕಾನೂನೂ ನಿರ್ಧರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲು ಹವಳಗಳು, ಕರಿ ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಮತ್ತು ಆರ್ಗನ್ ಪೈಪ್ ಹವಳ ಸೇರಿದವು. ನೇತ್ರಾಣಿಯ ಹವಳವಾಗಲಿ ಲಕ್ಷದ್ವೀಪದ್ದಾಗಲಿ ಮನೆಗೆ ತರುವಂತಿಲ್ಲ. ಮೃದು ಹವಳ ಮತ್ತು ನೇರಳೆ ಬಣ್ಣದ ಕೋರಲೈನ್ ಪಾಚಿಯ ತೊಟ್ಟಿಯಲ್ಲಿ ಮೆಗ್ನೀಷಿಯಂ ಹೀರುವುದು ಮುಖ್ಯವಾಗಿ ಪಾಚಿ, ಏಕೆಂದರೆ ಅದು ಕಟ್ಟುವುದು ಮೆಗ್ನೀಷಿಯಂ ಹೇರಳವಾಗಿರುವ ಕ್ಯಾಲ್ಸೈಟ್. ಅರಾಗೊನೈಟ್ ಹವಳದ ಅಸ್ಥಿಯಲ್ಲಿ ಅದು ತೂಕದ ಶೇ. 0.1ರ ಆಸುಪಾಸಿನಲ್ಲಷ್ಟೇ ಇರುತ್ತದೆ. ಹೀಗಾಗಿ ಇಂಥ ತೊಟ್ಟಿಯಲ್ಲಿ ಮೆಗ್ನೀಷಿಯಂ ಸರ್ರನೆ ಇಳಿದರೆ ಜೀವಿಗಳು ತಿಂದವು ಎಂಬ ವಿವರಣೆ ಒಪ್ಪತಕ್ಕದ್ದಲ್ಲ.

3. ಮೈಸೂರಿನ ನೀರು, ಮೈಸೂರಿನ ಕಲ್ಲು

ನಗರಕ್ಕೆ ಕುಡಿಯುವ ನೀರು ಬರುವುದು ಹೊಂಗಳ್ಳಿ, ಮೇಳಾಪುರಗಳಿಂದ ಕಾವೇರಿಯದು, ಬಿದರಗೂಡಿನಿಂದ ಕಬಿನಿಯದು. ಇವುಗಳಿಂದ ಕಡಲಿನ ಮೆಗ್ನೀಷಿಯಂ ನಿರೀಕ್ಷಿಸುವಂತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಮೆಗ್ನೀಷಿಯಂ ಲೀಟರಿಗೆ 30 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 100ರವರೆಗೆ ಸಹ್ಯ. ಕಡಲಿನದು ಆ ಗರಿಷ್ಠ ಮಿತಿಯ ಹದಿಮೂರು ಪಟ್ಟು.

ಹಾಗಾದರೆ ಗಡಸು ಕೊಳವೆಬಾವಿ ನೀರು? ಲೀಟರಿಗೆ 60 ಮಿಲಿಗ್ರಾಂ ಮೆಗ್ನೀಷಿಯಂ ಇರುವ ನೀರನ್ನು 200 ಲೀಟರ್ ತೊಟ್ಟಿಗೆ ದಿನಕ್ಕೆ 2 ಲೀಟರಿನಂತೆ ಆವಿಯಾದದ್ದಕ್ಕೆ ಬದಲಾಗಿ ಹಾಕಿದೆವೆನ್ನೋಣ. ತಿಂಗಳಿಗೆ ಏರಿಕೆ ಲೀಟರಿಗೆ 18 ಮಿಲಿಗ್ರಾಂ. ಕಾಗದದ ಮೇಲೆ ಲಾಭವೇ. ಆದರೆ ಅದೇ ನೀರಿನ ಕ್ಯಾಲ್ಸಿಯಂ, ಸಿಲಿಕಾ, ನೈಟ್ರೇಟುಗಳೂ ಅದೇ ವೇಗದಲ್ಲಿ ಕೂಡಿಕೊಳ್ಳುತ್ತವೆ, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಕಂದು ಪಾಚಿಗೆ ಸಿಲಿಕಾ, ಹಸಿರು ಪಾಚಿಗೆ ನೈಟ್ರೇಟ್ ಸಿಕ್ಕಿ ತೊಟ್ಟಿ ಕೆಡುತ್ತದೆ. ಆರ್‌ಒ ನೀರಿಗೆ ಪರ್ಯಾಯವಿಲ್ಲ.

ವಿಚಿತ್ರವೆಂದರೆ ಮೆಗ್ನೀಷಿಯಂ ಮೈಸೂರಿನ ನೆಲದಲ್ಲೇ ಧಾರಾಳವಾಗಿದೆ. ನಗರದ ದಕ್ಷಿಣಕ್ಕೆ ದೊಡ್ಡಕಾನ್ಯ, ಕಡಕೊಳದ ಕಡೆ ಮ್ಯಾಗ್ನಸೈಟ್ ನಿಕ್ಷೇಪಗಳಿವೆ, ಗಣಿಗಾರಿಕೆಯೂ ನಡೆದಿದೆ. ಸರಗೂರು ಶಿಲಾಸಮೂಹಕ್ಕೆ ಸೇರಿದ, 300 ಕೋಟಿ ವರ್ಷಕ್ಕೂ ಹಳೆಯ ಅತಿಕ್ಷಾರೀಯ ಶಿಲೆಗಳು ಮಾರ್ಪಟ್ಟು ಈ ಬಿಳಿ ಖನಿಜ ರೂಪುಗೊಂಡಿದೆ. ಶುದ್ಧ ಮ್ಯಾಗ್ನಸೈಟಿನ ತೂಕದಲ್ಲಿ ಶೇ. 28.8ರಷ್ಟು ಮೆಗ್ನೀಷಿಯಂ. ಆದರೂ ತೊಟ್ಟಿಗೆ ಅದು ಎರಡು ಕಾರಣಕ್ಕೆ ಸಲ್ಲದು. ಮೊದಲನೆಯದು, ಕಡಲ ನೀರಿನ ಪಿಎಚ್‌ನಲ್ಲಿ ಅದು ಕರಗುವುದೇ ಇಲ್ಲವೆನ್ನಬೇಕು. ಎರಡನೆಯದು, ಆಮ್ಲದ ನೆರವಿಲ್ಲದೆ ಹೇಗೋ ಕರಗಿತೆಂದೇ ಇಟ್ಟುಕೊಂಡರೂ ಮೆಗ್ನೀಷಿಯಂ ಜೊತೆಗೆ ಕಾರ್ಬೊನೇಟ್ ಬರುತ್ತದೆ. 200 ಲೀಟರಿನಲ್ಲಿ 150 ಮಿಲಿಗ್ರಾಂ ಏರಿಸುವಷ್ಟು ಮ್ಯಾಗ್ನಸೈಟ್ ಕ್ಷಾರತೆಯನ್ನು ಲೀಟರಿಗೆ 12 ಮಿಲಿ ಈಕ್ವಿವಲೆಂಟ್ ಮೇಲೇರಿಸುತ್ತದೆ. ಇದು ಕಡಲಿನ ಸಹಜ ಕ್ಷಾರತೆಯ ಐದು ಪಟ್ಟು. ಸಿಂಧುವಳ್ಳಿಯ ಕ್ರೋಮೈಟ್ ಇದೇ ಬಗೆಯ ಶಿಲೆಗಳ ಒಡನಾಡಿ ಎಂಬುದನ್ನು ನೆನೆದರೆ ಕ್ರೋಮಿಯಂ, ನಿಕ್ಕಲ್ ಬೆರಕೆಯ ಶಂಕೆಯೂ ಸೇರುತ್ತದೆ. ಧಾತು ಎಷ್ಟಿದೆ ಎಂಬಷ್ಟೇ ಮುಖ್ಯ, ಅದು ಯಾರ ಜೊತೆ ಬರುತ್ತದೆ ಎಂಬುದು.

4. ಕೊರತೆಯ ಪತ್ತೆ

4.1 ಲವಣಾಂಶ. ಎರಡು ತೊಟ್ಟಿಗಳನ್ನು ಊಹಿಸೋಣ. ಎರಡರಲ್ಲೂ ಮೆಗ್ನೀಷಿಯಂ 1160. ಮೊದಲನೆಯದರ ಲವಣಾಂಶ 31, ಎರಡನೆಯದರದು 35. ಮೊದಲ ತೊಟ್ಟಿಯ ಅಂಕಿಯನ್ನು 35ರ ಲವಣಾಂಶಕ್ಕೆ ಹೊಂದಿಸಿದರೆ 1160 × 35 ÷ 31 = 1310. ಅಂದರೆ ಅಲ್ಲಿ ಮೆಗ್ನೀಷಿಯಂ ಕೊರತೆಯೇ ಇಲ್ಲ, ಕಡಲೇ ತೆಳುವಾಗಿದೆ. ಇದನ್ನು ಗಮನಿಸದೆ ಲವಣ ಹಾಕಿ 1310ಕ್ಕೆ ಏರಿಸಿ, ಮುಂದೊಂದು ದಿನ ಲವಣಾಂಶವನ್ನು 35ಕ್ಕೆ ತಂದರೆ ಮೆಗ್ನೀಷಿಯಂ 1479 ತಲುಪುತ್ತದೆ.

ಲವಣಾಂಶ ಇಳಿಯುವುದು ಸದ್ದಿಲ್ಲದೆ. ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ ಫ್ಯಾನ್ ಹಚ್ಚಿ ತೊಟ್ಟಿ ತಂಪಾಗಿಡುವಾಗ ಆವಿಯಾಗುವ ನೀರು ಹೆಚ್ಚು, ಸಿಹಿನೀರು ಹಾಕುವುದೂ ಹೆಚ್ಚು. ಅದೇ ಹೊತ್ತಿಗೆ ಸ್ಕಿಮ್ಮರಿನ ಕಪ್ಪಿನಿಂದ ಚೆಲ್ಲುವುದು ಉಪ್ಪುನೀರು, ಬದಲಿಗೆ ತುಂಬುವುದು ಸಿಹಿನೀರು. 200 ಲೀಟರಿನಲ್ಲಿ ದಿನಕ್ಕೆ ಅರ್ಧ ಲೀಟರ್ ಹೀಗೆ ಹೋದರೆ 30 ದಿನಗಳಲ್ಲಿ ಲವಣಾಂಶ 35ರಿಂದ 32.5ಕ್ಕೂ ಮೆಗ್ನೀಷಿಯಂ 1310ರಿಂದ 1215ಕ್ಕೂ ಇಳಿಯುತ್ತವೆ. ರಿಫ್ರ್ಯಾಕ್ಟೋಮೀಟರನ್ನು ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿದರಷ್ಟೇ ಸಾಲದು, 35ರ ಪ್ರಮಾಣ ದ್ರಾವಣದಿಂದಲೂ ತಾಳೆ ನೋಡಬೇಕು.

4.2 ಅಳತೆ. ಮೆಗ್ನೀಷಿಯಂ ಕಿಟ್‌ಗಳು ಹನಿಹನಿಯಾಗಿ ದ್ರಾವಣ ಬಿಟ್ಟು ಬಣ್ಣ ತಿರುಗುವ ಗಳಿಗೆಯನ್ನು ನೋಡುವ ಟೈಟ್ರೇಷನ್ ವಿಧಾನದವು. ಒಂದು ಮಿಲಿಲೀಟರ್ ಸಿರಿಂಜಿಗೆ 1500 ಮಿಲಿಗ್ರಾಂ ಎಂಬ ಅಳತೆಯ ಕಿಟ್ ಇದ್ದು, ಒಂದು ಹನಿ ಸುಮಾರು 0.03 ಮಿಲಿ ಎಂದಾದರೆ, ಒಂದೇ ಹನಿ 45 ಮಿಲಿಗ್ರಾಂ ವ್ಯತ್ಯಾಸ ಮಾಡುತ್ತದೆ. ಕೆಂಪು ಮಾಸಿ ನೀಲಿಯತ್ತ ಹೊರಳುವಾಗ ನಡುವೆ ಬರುವ ನೇರಳೆಯನ್ನೇ ಒಬ್ಬರು ಕೊನೆಯೆನ್ನುತ್ತಾರೆ, ಇನ್ನೊಬ್ಬರು ಮತ್ತೊಂದು ಹನಿ ಬಿಡುತ್ತಾರೆ. 1260 ಮತ್ತು 1310ರ ನಡುವಿನ ಅಂತರ ಈ ಅನುಮಾನದಲ್ಲೇ ಅಡಗಿಹೋಗುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯುವುದು, ಹೊಸದಾಗಿ ಕಲಸಿದ ಉಪ್ಪುನೀರನ್ನು ಜೊತೆಗೇ ಪರೀಕ್ಷಿಸುವುದು ಕನಿಷ್ಠ ಶಿಸ್ತು.

4.3 ನಿಜವಾದ ಕೊರತೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ದೋಷ ಲವಣಾಂಶದ್ದು. ಲವಣಾಂಶ 35 ಇದ್ದು ಮೆಗ್ನೀಷಿಯಂ ಮಾತ್ರ ಇಳಿದಿದ್ದರೆ ಕೊರತೆ ನಿಜ. ದಿನವೂ ಕ್ಯಾಲ್ಸಿಯಂ ಹಾಕುವವರಿಗೆ ಈ ಸೂತ್ರ ಹಾಗೆಯೇ ಅನ್ವಯಿಸದು, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ ಕೃತಕವಾಗಿ ನಿಂತಿರುತ್ತದೆ. ವಾಸ್ತವವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಬೈಕಾರ್ಬೊನೇಟುಗಳನ್ನು ನಿತ್ಯ ಹಾಕುವ ಪದ್ಧತಿಯೇ ನಿಜವಾದ ಕೊರತೆಗೆ ಒಂದು ಕಾರಣ: ಸುಣ್ಣ ಜೀವಿಗಳ ಪಾಲಾಗಿ ಸೋಡಿಯಂ ಕ್ಲೋರೈಡ್ ಉಳಿಯುತ್ತದೆ, ಏರಿದ ಲವಣಾಂಶ ಇಳಿಸಲು ನೀರು ತೆಗೆದಾಗಲೆಲ್ಲ ಮೆಗ್ನೀಷಿಯಂ ಸೋರಿಹೋಗುತ್ತದೆ.

5. ಭರ್ತಿಯ ಲೆಕ್ಕ

ಎರಡನೆಯ ತೊಟ್ಟಿಗೆ ಬರೋಣ. ಕಲ್ಲು, ಮರಳು ಕಳೆದು ಉಳಿದ ನೀರು 200 ಲೀಟರ್. 1160ರಿಂದ 1310ಕ್ಕೆ ಏರಬೇಕು. ಬೇಕಾದ ಮೆಗ್ನೀಷಿಯಂ 150 × 200 = 30,000 ಮಿಲಿಗ್ರಾಂ, ಅಂದರೆ 30 ಗ್ರಾಂ. ಶೇ. 20ರಷ್ಟು ನೀರು ಬದಲಿಸುವುದರಿಂದ, ಹೊಸ ನೀರಿನಲ್ಲಿ 1350 ಇದ್ದರೂ, ಏರಿಕೆ 1198ಕ್ಕೆ ನಿಲ್ಲುತ್ತದೆ. ಆದ್ದರಿಂದ ಲವಣವನ್ನೇ ಹಾಕಬೇಕು.

ಷಡ್ಜಲ ಮೆಗ್ನೀಷಿಯಂ ಕ್ಲೋರೈಡಿನಲ್ಲಿ ಮೆಗ್ನೀಷಿಯಂ ಶೇ. 11.96, ಎಪ್ಸಂ ಲವಣವೆಂಬ ಸಪ್ತಜಲ ಸಲ್ಫೇಟಿನಲ್ಲಿ ಶೇ. 9.86. ಎಪ್ಸಂ ಒಂದನ್ನೇ ಬಳಸಿದರೆ 304 ಗ್ರಾಂ ಬೇಕು. ಅದು ಲೀಟರಿಗೆ 593 ಮಿಲಿಗ್ರಾಂ ಸಲ್ಫೇಟನ್ನು ಕೂಡಿಸುತ್ತದೆ. ಕಡಲಿನ ಸಲ್ಫೇಟಿಗೆ ಇದು ಶೇ. 20ಕ್ಕೂ ಮೀರಿದ ಸೇರ್ಪಡೆ. ಕ್ಲೋರೈಡ್ ಒಂದನ್ನೇ ಬಳಸಿದರೆ 251 ಗ್ರಾಂ. ಕ್ಲೋರೈಡಿನ ಏರಿಕೆ ಶೇ. 2ರ ಸುಮಾರು ಮಾತ್ರ. ಒಂದು ಸಲದ ಭರ್ತಿಗೆ ಕ್ಲೋರೈಡ್ ಒಂದೇ ಸಾಕು. ಪದೇ ಪದೇ ಹಾಕಬೇಕಾದಲ್ಲಿ ಎರಡನ್ನೂ ಬೆರೆಸಬೇಕು. ಕಡಲಿನ ಕ್ಲೋರೈಡ್–ಸಲ್ಫೇಟ್ ಅನುಪಾತಕ್ಕೆ ಹೊಂದುವ ಮಿಶ್ರಣ ತೂಕದಲ್ಲಿ ಎಂಟು ಪಾಲು ಕ್ಲೋರೈಡಿಗೆ ಒಂದು ಪಾಲು ಎಪ್ಸಂ. ನಮ್ಮ ಉದಾಹರಣೆಗೆ 227 ಗ್ರಾಂ ಮತ್ತು 28.5 ಗ್ರಾಂ.

6. ಶುದ್ಧತೆ ಮತ್ತು ಹಾಕುವ ಕ್ರಮ

ಕಾಫಿ, ಅಡಿಕೆ ತೋಟಗಳಿಗೆಂದು ಗೊಬ್ಬರದಂಗಡಿಯಲ್ಲಿ ಸಿಗುವ ಮೆಗ್ನೀಷಿಯಂ ಸಲ್ಫೇಟ್ ಅಗ್ಗ. ಆದರೆ ಎಲೆ ಹಳದಿಯಾಗದಂತೆ ನೋಡಿಕೊಳ್ಳುವ ಶುದ್ಧತೆ ಬೇರೆ, ಮುಚ್ಚಿದ ತೊಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯುವ ಲವಣದ ಶುದ್ಧತೆ ಬೇರೆ. ಔಷಧ ಅಥವಾ ಆಹಾರ ದರ್ಜೆಯದನ್ನೇ ಕೊಳ್ಳಬೇಕು. ಕಹಿ ನೀರಿನಿಂದ ತೆಗೆದ ಕ್ಲೋರೈಡಿನಲ್ಲಿ ಬ್ರೋಮೈಡ್ ಇರಬಹುದು. ಕೆಲವು ಕೈಗಾರಿಕಾ ದರ್ಜೆಗಳಲ್ಲಿ ಅಮೋನಿಯ ಕಾಣಿಸುವುದುಂಟು. ಸ್ವಲ್ಪ ಕರಗಿಸಿ ಅಮೋನಿಯ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ನೀರೊಡೆಯುವ ಲವಣ. ಆಷಾಢದ ತೇವದಲ್ಲಿ ಬಾಯಿ ಬಿಗಿಯದ ಪೊಟ್ಟಣದಿಂದ ತೂಗಿದ 227 ಗ್ರಾಂನಲ್ಲಿ ಲವಣದ ಪಾಲು ಕಡಿಮೆಯೇ.

ತೂಗಿದ ಲವಣವನ್ನು ಎರಡು ಲೀಟರ್ ಆರ್‌ಒ ನೀರಿನಲ್ಲಿ ಪೂರ್ತಿ ಕರಗಿಸಿ, ಮೂರು ಪಾಲು ಮಾಡಿ, ದಿನಕ್ಕೊಂದರಂತೆ ಪಂಪಿನ ಸೆಳೆತವಿರುವ ಕಡೆ ನಿಧಾನವಾಗಿ ಹಾಕಿದರೆ ದಿನಕ್ಕೆ 50 ಮಿಲಿಗ್ರಾಂ ಏರಿಕೆಯಾಗುತ್ತದೆ. ಆ ದಿನಗಳಲ್ಲಿ ಆವಿಯಾದದ್ದನ್ನು ತುಂಬುವ ಆರ್‌ಒ ನೀರಿನಲ್ಲಿ ಈ ದ್ರಾವಣದಷ್ಟನ್ನು ಕಡಿಮೆ ಮಾಡಬೇಕು. ಕ್ಷಾರತೆಯ ದ್ರಾವಣವನ್ನಾಗಲಿ ಸುಣ್ಣದ ನೀರನ್ನಾಗಲಿ ಅದರೊಂದಿಗೆ ಬೆರೆಸಕೂಡದು. ಕಾರ್ಬೊನೇಟ್ ಇಲ್ಲವೆ ಹೈಡ್ರಾಕ್ಸೈಡ್ ಆಗಿ ಮೆಗ್ನೀಷಿಯಂ ಗಸಿಗಟ್ಟುತ್ತದೆ.

7. ಉಪಸಂಹಾರ

ಮೈಸೂರಿನ ಹವಳದ ತೊಟ್ಟಿಯಲ್ಲಿ ಮೆಗ್ನೀಷಿಯಂ ಏರಿಸುವ ಕ್ರಮ ಲವಣಾಂಶದಿಂದ ಆರಂಭವಾಗಬೇಕು, ಅಳತೆಯನ್ನು ದಾಟಿ ಬರಬೇಕು, ಕೊನೆಗಷ್ಟೇ ತಕ್ಕಡಿಗೆ ತಲುಪಬೇಕು. ನೆಲದಲ್ಲಿ ಮ್ಯಾಗ್ನಸೈಟ್, ಕೊಳವೆಬಾವಿಯಲ್ಲಿ ಗಡಸು ನೀರು, ಗೊಬ್ಬರದಂಗಡಿಯಲ್ಲಿ ಎಪ್ಸಂ ಹೀಗೆ ಧಾತುವಿಗೆ ಬರವಿಲ್ಲದ ಊರಿನಲ್ಲೂ ತೊಟ್ಟಿಗೆ ಒಗ್ಗುವ ಮೂಲಗಳು ಕೆಲವೇ, ಏಕೆಂದರೆ ಪ್ರತಿಯೊಂದೂ ತನ್ನ ಜೊತೆಗಾರರನ್ನು ಕರೆತರುತ್ತದೆ. ಹವ್ಯಾಸಿಗಳು ಇಡುವ ದಾಖಲೆ ಮುಂದಿನ ಅಧ್ಯಯನಕ್ಕೆ ಒದಗಬೇಕಾದರೆ ಪ್ರತಿ ಮೆಗ್ನೀಷಿಯಂ ಅಂಕಿಯ ಪಕ್ಕದಲ್ಲಿ ಅದೇ ಹೊತ್ತಿನ ಲವಣಾಂಶ, ಕ್ಯಾಲ್ಸಿಯಂ ಮತ್ತು ಕ್ಷಾರತೆಗಳನ್ನೂ ಬರೆದಿಡಬೇಕು. ಲವಣಾಂಶ ನಮೂದಿಸದ ಮೆಗ್ನೀಷಿಯಂ ಅಂಕಿಯಿಂದ ಕೊರತೆಯನ್ನೂ ಸಾಧಿಸಲಾಗದು, ಸಮೃದ್ಧಿಯನ್ನೂ ಸಾಧಿಸಲಾಗದು.