ಆತಕೂರಿನ ಕಾಳಿ, ನಮ್ಮನೆ ಗೌರಿ, ಕಿವಿಯ ಹಳದಿ ಬಿಲ್ಲೆ

ಈ ಸಲ ಬೆಳೆ, ಗೊಬ್ಬರದ ಮಾತಲ್ಲ. ಸಾಕಿದ ಪ್ರಾಣಿಗೆ ಹೆಸರಿಡೋ ವಿಷಯ. ಇದೂ ಬರೆಯೋ ವಿಷಯವಾ ಅಂತ ನಗಬೇಡಿ, ಕೊನೇವರೆಗೂ ಓದಿ. ಇದರಲ್ಲಿ ನಮ್ಮ ದುಡ್ಡಿನ ಲೆಕ್ಕವೂ ಇದೆ.

ನಮ್ಮ ಮಂಡ್ಯ ಜಿಲ್ಲೆಯಿಂದಲೇ ಶುರು ಮಾಡ್ತೀನಿ. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದ್ದರು. ಶಕ ವರ್ಷ 872, ಅಂದ್ರೆ ಕ್ರಿ.ಶ. 949-50ರ ಶಾಸನ. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯ್ತು. ಕೃಷ್ಣನ ಕಡೆ ನಿಂತವನು ಗಂಗರ ಬೂತುಗ. ಬೂತುಗನ ಬಂಟ ಮಣಲೇರ ಚೆನ್ನಾಗಿ ಕಾದಾಡಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಅಂದಾಗ ಮಣಲೇರ ಕೇಳಿದ್ದು ಒಂದು ಬೇಟೆನಾಯಿ. ಅದರ ಹೆಸರು ಕಾಳಿ.

ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟರು. ನಾಯಿ ಹಂದಿ ಮೇಲೆ ಬಿದ್ದಿರೋ ಚಿತ್ರವೂ ಆ ಕಲ್ಲಿನಲ್ಲಿದೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕೆಲಸದ ಮೇಲೆ ಹೋದಾಗ ಒಂದು ಗಳಿಗೆ ನೋಡಿ ಬನ್ನಿ.

ನನಗೆ ಆಶ್ಚರ್ಯ ಅನ್ನಿಸಿದ್ದು ಆ ಹೆಸರು. ಸಾವಿರ ವರ್ಷ ದಾಟಿದೆ, ಆದರೂ ಕಾಳಿ ಅಂದ ಕೂಡಲೇ ನಮಗೆ ಗೊತ್ತಾಗುತ್ತೆ. ನಮ್ಮ ಬೀದಿಯಲ್ಲಿ ಇವತ್ತೂ ಕಾಳಿ, ಕರಿಯ ಇದ್ದಾವೆ. ಆ ಕಾಲದ ಎಷ್ಟೋ ಜನರ ಹೆಸರು ಅಳಿಸಿ ಹೋಯ್ತು, ನಾಯಿ ಹೆಸರು ಉಳೀತು. ಯಾಕಂದ್ರೆ ಯಾರೋ ಅದನ್ನ ಬರೆದಿಟ್ಟರು.

ದನಗಳ ಕಡೆ ಬರೋಣ. ನಮ್ಮ ಹಿರಿಯರು ಹೆಸರಿಗೆ ಪಂಚಾಂಗ ಹುಡುಕ್ತಿರಲಿಲ್ಲ. ಮೈಬಣ್ಣ ನೋಡಿ ಕೆಂಪಿ, ಬೆಳ್ಳಿ, ಮಚ್ಚೆ. ಹುಟ್ಟಿದ ದಿನ ನೋಡಿ ಶುಕ್ರವಾರ ಆದರೆ ಲಕ್ಷ್ಮಿ, ಹಬ್ಬದಲ್ಲಿ ಹುಟ್ಟಿದರೆ ಗೌರಿ. ಹೊಳೆ ಹೆಸರಲ್ಲಿ ಗಂಗೆ, ಕಾವೇರಿ. ಜೋಡಿ ಎತ್ತಾದರೆ ರಾಮ, ಭೀಮ. ಗೋವಿನ ಹಾಡಿನ ಕಾಳಿಂಗ ಗೊಲ್ಲನೂ ಹಸುಗಳನ್ನ ಹೆಸರು ಹಿಡಿದೇ ಕರೀತಾನೆ. ಕೋಲು ಬೇಕಿಲ್ಲ, ಹೆಸರು ಕೂಗಿದರೆ ಸಾಕು. ಹೆಸರು ಅಂದ್ರೆ ಕೆಲಸಕ್ಕೆ ಬರೋ ಒಂದು ಹತಾರ.

ಅರಮನೆ ದನಗಳ ಲೆಕ್ಕ ಬೇರೆ ಇತ್ತು. ಚಿಕ್ಕದೇವರಾಜ ಒಡೆಯರ್ (1672-1704) ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸೋ ದನಗಳಿಗೆ ಬೆಣ್ಣೆ ಚಾವಡಿ ಅಂತಲೇ ಇಲಾಖೆ ಇತ್ತು. ಗುರುತಿಗೆ ಅವುಗಳ ಮೈಮೇಲೆ ದೊರೆಯ ಹೆಸರಿನ 'ದೇ' ಅಕ್ಷರದ ಮುದ್ರೆ ಹಾಕಿಸ್ತಿದ್ದರು. ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಅವೇ ದನಗಳು ಫಿರಂಗಿ ಎಳೆದವು. ಟಿಪ್ಪು ಆ ಇಲಾಖೆಗೆ ಅಮೃತ ಮಹಲ್ ಅಂತ ಹೆಸರಿಟ್ಟ, ಅದೇ ಮುಂದೆ ತಳಿಯ ಹೆಸರಾಯ್ತು. ಅಂದ್ರೆ ಸಾವಿರಾರು ದನ ಇದ್ದ ಕಡೆ ಮುದ್ರೆ, ನಾಲ್ಕು ದನ ಇದ್ದ ಮನೆಯಲ್ಲಿ ಹೆಸರು. ಎರಡೂ ಗುರುತೇ.

ನಾಯಿಗಳಿಗೆ ಟಾಮಿ, ಜಿಮ್ಮಿ ಬಂದಿದ್ದು ಇಂಗ್ಲಿಷಿನಿಂದ. ಅವರಲ್ಲಿ ಅವು ಗಂಡುಮಕ್ಕಳನ್ನ ಮುದ್ದಾಗಿ ಕರೆಯೋ ಹೆಸರು. ನಮ್ಮಲ್ಲಿ ನಾಯಿಗಾದವು. ದನಗಳ ವಿಷಯದಲ್ಲಿ ಬದಲಾವಣೆ ಇನ್ನೂ ಜೋರು. 1970ರಲ್ಲಿ ಆಪರೇಷನ್ ಫ್ಲಡ್ ಶುರುವಾಯ್ತು, ಹಳ್ಳಿಹಳ್ಳಿಗೆ ಡೇರಿ ಬಂತು, ಸೀಮೆ ಹಸು ಬಂತು. ಮನೇಲೇ ಹುಟ್ಟಿ ಮನೇಲೇ ಮುದಿಯಾಗೋ ಹಸು ಕಮ್ಮಿಯಾಯ್ತು. ಸಂತೆಯಿಂದ ತಂದು ಎರಡು ಕರಾವು ಆದ ಮೇಲೆ ಮಾರೋ ಹಸುಗೆ ಯಾರು ಹೆಸರಿಡ್ತಾರೆ? ನಾವೂ ಇಡಲಿಲ್ಲ. ದೊಡ್ಡದು, ಚಿಕ್ಕದು ಅಂತಿದ್ವಿ. 2019ರಿಂದ ಕಾಲುಬಾಯಿ ಜ್ವರದ ಲಸಿಕೆ ಕಾರ್ಯಕ್ರಮದ ಜೊತೆಗೆ ಕಿವಿಗೆ ಹಳದಿ ಬಿಲ್ಲೆ ಹಾಕೋದು ಜೋರಾಯ್ತು. 12 ಅಂಕಿ. ಆ ಅಂಕಿಯ ಕೆಳಗೆ ಹಸುವಿನ ತಳಿ, ವಯಸ್ಸು, ಲಸಿಕೆ, ಮಾಲೀಕ ಎಲ್ಲಾ ದಾಖಲು.

ಈಗ ದುಡ್ಡಿನ ಮಾತು. ಹೋದ ಮಳೆಗಾಲ ನಮ್ಮ ಎರಡು ಕಪ್ಪು-ಬಿಳಿ ಹಸುಗಳಲ್ಲಿ ಒಂದು ಸತ್ತು ಹೋಯ್ತು. ವಿಮೆ ಇತ್ತು. ಆದರೆ ಯಾವಾಗಲೋ ಬೇಲಿಗೆ ಸಿಕ್ಕಿ ಕಿವಿ ಹರಿದು ಬಿಲ್ಲೆ ಬಿದ್ದು ಹೋಗಿತ್ತು. ಬಿಲ್ಲೆ ಇಲ್ಲ ಅಂದ್ರೆ ಪರಿಹಾರ ಇಲ್ಲ, ಅದು ನಿಯಮ. ನಮ್ಮವ್ವ ಅದರ ಹುಟ್ಟು, ಕರಾವು, ಹಣೆ ಮೇಲಿನ ಬೊಟ್ಟು ಎಲ್ಲಾ ಬಾಯಲ್ಲೇ ಹೇಳಿದಳು. ಬಾಯಿಮಾತಿಗೆ ಬೆಲೆ ಎಲ್ಲಿ? ತಪ್ಪು ನಂದೇ. ಬಿಲ್ಲೆ ಬಿದ್ದ ದಿನವೇ ವಿಮೆಯವರಿಗೆ ತಿಳಿಸಿ ಹೊಸದು ಹಾಕಿಸಿ, ಆ ಹೊಸ ನಂಬರನ್ನ ದಾಖಲು ಮಾಡಿಸಬೇಕಿತ್ತು. ಹೆಸರೂ ಇಲ್ಲದ, ಸರಿಯಾಗಿ ಕಣ್ಣಿಟ್ಟೂ ನೋಡದ ಹಸು, ಕಿವಿ ಖಾಲಿ ಇದೆ ಅಂತ ನನಗೆ ಗೊತ್ತಾಗಿದ್ದೇ ಅದು ಸತ್ತ ದಿನ.

ಆಮೇಲೆ ಒಂದು ನೋಟ್‌ಬುಕ್ ಮಾಡಿದೀನಿ. ಒಂದು ಹಸುಗೆ ಒಂದು ಪುಟ. ಮೇಲೆ ಹೆಸರು, ಪಕ್ಕದಲ್ಲಿ ಬಿಲ್ಲೆ ನಂಬರು, ತಾಯಿ ಹೆಸರು, ಇಂಜೆಕ್ಷನ್ ಕೊಡಿಸಿದ ತಾರೀಕು, ವೀರ್ಯದ ಕಡ್ಡಿ ಮೇಲಿರೋ ಹೋರಿ ನಂಬರು. ಹೋರಿ ನಂಬರನ್ನ ಮರೀಬೇಡಿ. ಬರೆದಿಡದಿದ್ದರೆ ಅಪ್ಪನ ಕಡ್ಡಿಯೇ ಮಗಳಿಗೂ ಬೀಳಬಹುದು. ಒಳತಳಿ ಆದರೆ ಕರು ಬಡವಾಗುತ್ತೆ, ಹಾಲು ಇಳಿಯುತ್ತೆ, ಗಬ್ಬ ನಿಲ್ಲೋದೂ ಕಷ್ಟ.

ಅವ್ವನ ಹಳೇ ಪದ್ಧತಿಯೂ ವಾಪಸ್ ಬಂದಿದೆ. ಗೌರಿಯ ಮಗಳು ಚಿಕ್ಕಗೌರಿ, ಅವಳ ಮಗಳು ಪುಟ್ಟಗೌರಿ. ಹೆಸರು ಕೇಳಿದರೆ ಸಾಕು, ಮೂರು ತಲೆಮಾರಿನ ಬಳಿ ತಿಳಿಯುತ್ತೆ. ಮೊದಲು ಇದು ಬರೀ ಪ್ರೀತಿ ಅಂದ್ಕೊಂಡಿದ್ದೆ, ಇದೇ ಅವರ ದಾಖಲೆ ಪುಸ್ತಕ.

ಬಿಲ್ಲೆ ಬೇಡ ಅಂತ ನಾನು ಹೇಳ್ತಿಲ್ಲ. ಕಾಗದಕ್ಕೆ ನಂಬರು ಬೇಕು, ಕೊಟ್ಟಿಗೆಗೆ ಹೆಸರು ಬೇಕು. ದಿನಾ ಹೆಸರು ಕೂಗೋನು ದಿನಾ ಮುಖ ನೋಡ್ತಾನೆ, ಕಿವೀನೂ ನೋಡ್ತಾನೆ. ಇವತ್ತು ಸಂಜೆ ಹಾಲು ಕರೆಯೋಕೆ ಹೋದಾಗ ನಿಮ್ಮ ಹಸುಗಳ ಕಿವಿ ಒಂದ್ಸಲ ನೋಡಿ. ಹೆಸರಿಲ್ಲದ್ದು ಇದ್ದರೆ ಮನೇಲಿ ಅಜ್ಜಿಯನ್ನೋ ಮಕ್ಕಳನ್ನೋ ಕೇಳಿ ಒಂದು ಹೆಸರಿಡಿ. ಏನಿಟ್ರಿ, ಯಾಕಿಟ್ರಿ ಅಂತ ಕೆಳಗೆ ಬರೀರಿ, ನಾನೂ ಓದ್ತೀನಿ.