ಗುಡ್ಡದ ಮನೆಗೆ ಸುರಂಗದ ನೀರು

ಕರ್ನಾಟಕದ ಜಲಚರಿತ್ರೆಯನ್ನು ಕೆರೆಗಳ ಶಾಸನಗಳ ಆಧಾರದಿಂದ ಬರೆಯುವುದು ರೂಢಿ. ಅರಸರು, ದಂಡನಾಯಕರು, ಮಹಾಜನರು ಕಟ್ಟಿಸಿದ ಕೆರೆಗಳಿಗೆ ಅದರಲ್ಲಿ ಸಹಜವಾಗಿಯೇ ಪ್ರಾಶಸ್ತ್ಯ ದೊರೆತಿದೆ. ಆದರೆ ಒಂದು ಒಂಟಿ ಮನೆ ತನ್ನ ಬಳಕೆಯ ನೀರನ್ನು ಹೇಗೆ ಪಡೆದುಕೊಂಡಿತೆಂಬುದು ಶಾಸನಗಳಿಂದ ತಿಳಿಯುವುದು ಕಡಿಮೆ. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕು ಹಾಗೂ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಬಾಯಾರು, ಎಣ್ಮಕಜೆ ಪರಿಸರದಲ್ಲಿ ಅದರ ಸಾಕ್ಷ್ಯ ಗುಡ್ಡದ ಒಡಲಿನಲ್ಲಿದೆ. ಅದುವೇ ಸುರಂಗ.

ಈ ಪ್ರದೇಶದಲ್ಲಿ ಮಳೆಗೆ ಕೊರತೆಯಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಮುರಕಲ್ಲಿನ ಪದರಗಳಲ್ಲಿ ಇಂಗಿದ ಅಂಶ ಮಾತ್ರ ನಿಧಾನವಾಗಿ ಜಿನುಗುತ್ತಿರುತ್ತದೆ. ಗಿಡಮರಗಳ ಹಸುರು, ಹುತ್ತ, ಮಣ್ಣಿನ ತೇವ ಇವುಗಳಿಂದ ನೆಲೆಯನ್ನು ಗುರುತಿಸಿ, ಒಬ್ಬ ಮನುಷ್ಯ ಬಾಗಿ ನಡೆಯುವಷ್ಟು ಕಿರಿದಾದ ಮಾರ್ಗವನ್ನು ಅಡ್ಡಲಾಗಿ ಕೊರೆಯುತ್ತಿದ್ದರು. ಒಬ್ಬ ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬ ಮಣ್ಣು ಹೊರುತ್ತಿದ್ದ. ಒಳಗೆ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂಬ ಸೂಚನೆ. ಮಣ್ಣು ಕುಸಿಯುವ ಭಯವಂತೂ ಸದಾ ಇದ್ದುದೇ. ನೀರು ದೊರೆತರೆ ಒಳಗೆ ಮಣ್ಣಿನ ಸಣ್ಣ ಕಟ್ಟೆ ಹಾಕಿ, ಸೀಳಿದ ಅಡಿಕೆ ಮರದ ದಂಬೆಯ ಮೂಲಕ ಮನೆಯಂಗಳಕ್ಕೆ ಹರಿಸುತ್ತಿದ್ದರು. ಏತವಾಗಲಿ ಯಂತ್ರವಾಗಲಿ ಬೇಕಿರಲಿಲ್ಲ. ಇಳಿಜಾರೇ ಆ ಕೆಲಸ ಮಾಡುತ್ತಿತ್ತು.

ಸುರಂಗವನ್ನು ಇರಾನಿನ ಕನಾತಿಗೆ ಹೋಲಿಸುವುದುಂಟು. ಈ ಹೋಲಿಕೆಗೆ ಮಿತಿಯಿದೆ. ಕನಾತ್ ಸಾಲು ಸಾಲಾದ ಲಂಬ ಕೂಪಗಳುಳ್ಳ, ಇಡೀ ಊರಿಗೆ ನೀರುಣಿಸುವ ದೀರ್ಘ ನಿರ್ಮಿತಿ. ಸುರಂಗವಾದರೋ ಬಹುಮಟ್ಟಿಗೆ ಕೂಪಗಳಿಲ್ಲದ, ಒಂದು ಕುಟುಂಬ ಮತ್ತು ಅದರ ತೋಟದ ಅಳತೆಗೆ ತಕ್ಕ ರಚನೆ. ಮನೆಗಳು ಒತ್ತಾಗಿ ಸೇರದೆ ಗುಡ್ಡ ಕಣಿವೆಗಳಲ್ಲಿ ಚದುರಿರುವ ತುಳುನಾಡಿನ ವಸತಿಕ್ರಮಕ್ಕೆ ಇದು ಹೊಂದಿಕೊಂಡಿದೆ.

ಸುರಂಗಕ್ಕೆ ಬೇಕಾದ ಮುಖ್ಯ ಬಂಡವಾಳ ದುಡಿಮೆ. ಆದುದರಿಂದ ಬಡವನಿಗೂ ಅದು ಎಟುಕುತ್ತಿತ್ತು. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಅಡಿಕೆ ತೋಟಗಳ ಕೂಲಿಕಾರರಾಗಿದ್ದವರು. ತಮಗೆ ದೊರೆತ ಬೋಳುಗುಡ್ಡದಲ್ಲಿ ಅವರು ಒಂಟಿಯಾಗಿ ಸುರಂಗ ತೋಡಿದರು. ಹಲವು ಯತ್ನಗಳು ವಿಫಲವಾದ ಬಳಿಕ ನೀರು ಕಂಡರು. ಅಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ವಿದ್ಯುತ್ ಪಂಪು, ಕೊಳವೆಬಾವಿಗಳು ಬಂದ ಮೇಲೆ ಹೊಸ ಸುರಂಗ ತೋಡುವುದು ವಿರಳವಾಯಿತು. ಕಸುಬು ಬಲ್ಲವರೂ ಕಡಿಮೆಯಾದರು. ಗುಡ್ಡವನ್ನು ಕಡಿದು ಸಮತಟ್ಟು ಮಾಡಿದಲ್ಲಿ ನೀರನ್ನು ಹಿಡಿದಿಡುವ ಪದರವೇ ಇಲ್ಲವಾಗುತ್ತದೆ. ಶಾಸನದ ಕಲ್ಲು ಉರುಳಿದರೆ ಮತ್ತೆ ನಿಲ್ಲಿಸಬಹುದು. ಕುಸಿದ ಸುರಂಗದ ಲೆಕ್ಕಾಚಾರ ತೋಡಿದವನ ಅನುಭವದೊಂದಿಗೇ ಹೋಗುತ್ತದೆ. ಆ ಅನುಭವವನ್ನು ಬಲ್ಲವರಿರುವಾಗಲೇ ಮನೆಮನೆಯ ಸುರಂಗಗಳನ್ನು ಅಳೆದು ದಾಖಲಿಸುವುದು ಪ್ರಾದೇಶಿಕ ಚರಿತ್ರೆಯ ತುರ್ತು ಕೆಲಸವಾಗಿದೆ.